ಬಲಗಡೆಯ ಚಿಲಕ

ಇವಾಲೊದಲ್ಲಿ ಡಿಸೆಂಬರಿಗೆ ಬೆಳಗಾಗುವುದಿಲ್ಲ.
ಹತ್ತು ಗಂಟೆಯ ಹೊತ್ತಿಗೆ ಕತ್ತಲು ಕೊಂಚ ನೀಲಿಯಾಗುತ್ತದೆ, ಅಷ್ಟೆ.
ಮಧ್ಯಾಹ್ನ ದಾಟುತ್ತಲೇ ಕೊಟ್ಟ ನೀಲಿಯನ್ನೂ
ವಾಪಸು ಕೇಳುತ್ತದೆ ಆಕಾಶ.

ಹೆಲ್ಸಿಂಕಿಯಿಂದ ಬಂದದ್ದೇ ಇಪ್ಪತ್ತೆರಡು ನಿಮಿಷ ತಡ.
ಇಳಿಯುವವರು ಇನ್ನೂ ಇಳಿಯುತ್ತಿರುವಾಗಲೇ
ಹತ್ತುವವರು ಗಾಜಿಗೆ ಮೂಗೊತ್ತಿ ನಿಂತಿದ್ದರು:
ಹಾಕಿ ಆಡುವ ಹುಡುಗರು,
ಶವಸಂಸ್ಕಾರಕ್ಕೆ ಹೂಚಕ್ರ ಒಯ್ಯುತ್ತಿದ್ದ ಒಬ್ಬ ಮುದುಕ,
ಮಲಗಾದ ಬಿಸಿಲಿಗೆ ಮುಂದಿನ ವಿಮಾನ ಹಿಡಿಯಬೇಕಾದ ದಂಪತಿ.
ಎಂಟು ಹತ್ತಕ್ಕೆ ಹೊರಡಬೇಕು.
ತಪ್ಪಿದರೆ ದಾರಿ ಸಿಗುವುದು ಒಂಬತ್ತರ ಹತ್ತಿರ.

ಸಹ ಪೈಲಟ್ ಹಿಲ್ಲಾ ಪೆಲ್ಕೊನೆನ್
ಟಾರ್ಚು ಹಿಡಿದು ಪ್ರದಕ್ಷಿಣೆಗೆ ಇಳಿದಳು.
ಮೂಗು, ಬಲ ರೆಕ್ಕೆ, ಬಾಲ, ಎಡ ರೆಕ್ಕೆ, ಮತ್ತೆ ಮೂಗು.
ಏಳು ನಿಮಿಷದ ಸುತ್ತು, ಇವತ್ತು ನಾಲ್ಕರಲ್ಲಿ.
ಮೈನಸ್ ಇಪ್ಪತ್ತಾರು;
ರೆಪ್ಪೆ ಮುಚ್ಚಿದರೆ ತೆರೆಯಲು ಯೋಚಿಸುವ ಚಳಿ.
ಅವಳೇನೂ ಓಡಲಿಲ್ಲ.
ನಡಿಗೆಯೊಳಗೇ ಎಲ್ಲೋ ಓಟ ಸೇರಿಕೊಂಡಿತ್ತು.

ಒವ್ಲಾ ತನ್ನ ಲಾರಿಯ ತೊಟ್ಟಿಲಲ್ಲಿ ಮೇಲೇರಿ
ರೆಕ್ಕೆಗಳಿಗೆ ಬಿಸಿ ದ್ರವ ಎರಚಿದ.
ಹಬೆಯಲ್ಲಿ ವಿಮಾನ ಕಾಣೆಯಾಗಿ, ಮತ್ತೆ ಹಸಿರಾಗಿ ಬಂತು.
ಕೈಗಡಿಯಾರದ ಗುಂಡಿ ಒತ್ತಿದ:
ಹದಿನೆಂಟು ನಿಮಿಷ.
ಆಮೇಲೆ ರೆಕ್ಕೆ ಮತ್ತೆ ಹಿಮದ ಸ್ವತ್ತು.

ಒಳಗೆ, ಕ್ಯಾಪ್ಟನ್ ಯೊರ್ಮಾ ಓದುತ್ತ ಹೋದ,
ಅವಳು ಉತ್ತರಿಸುತ್ತ ಹೋದಳು.
ಪ್ರಶ್ನೆಯ ಕೊನೆಯ ಅಕ್ಷರ ಬೀಳುವ ಮೊದಲೇ ಉತ್ತರ,
ಬಾಯಿ ಕಣ್ಣಿಗಿಂತ ಅರ್ಧ ಸಾಲು ಮುಂದೆ.
ಹೊರಗಿನ ಸುತ್ತು?
ನೋಡಿದೆ.

ಇದನ್ನು ಕನ್ನಡದಲ್ಲಿ ಬರೆಯುವಾಗ ನಾನು ಇಲ್ಲೇ ಎಡವಿದೆ.
‘ನೋಡಿದೆ’ ಅಂದರೆ ನಾನು ನೋಡಿದೆ,
‘ನೋಡಿದೆ’ ಅಂದರೆ ಅದು ನೋಡಿದೆ.
ಯಾವುದು? ಅಭ್ಯಾಸ ನೋಡಿದೆ.
ನಿನ್ನೆ ನೋಡಿದೆ.

ಅವಳ ಭಾಷೆಯಲ್ಲಿ ಈ ತೊಡಕು ಇರಲಿಕ್ಕಿಲ್ಲ.
ಆದರೂ ಅವಳ ಕೈ ಸ್ವಿಚ್ಚಿನ ಮೇಲೆ ನಿಂತಿತು.
ಬಲ ಎಂಜಿನ್ನಿನ ಹೊದಿಕೆಯ ಹಿಂದಿನ ಚಿಲಕ:
ಮುಚ್ಚಿದ್ದು ಕಣ್ಣ ಮುಂದೆ ಸ್ಪಷ್ಟವಾಗಿದೆ,
ಅದರ ಮೇಲೆ ಟಾರ್ಚಿನ ಬೆಳಕೂ ಇದೆ.
ಆದರೆ ಆ ಬೆಳಕಿನಲ್ಲಿ ಮಳೆ ಬೀಳುತ್ತಿದೆ.
ಇಲ್ಲಿ ಅಕ್ಟೋಬರಿನಿಂದ ಮಳೆಯಿಲ್ಲ.
ಅದು ಮೊನ್ನೆ ರಾತ್ರಿ, ಬರ್ಗೆನ್ನಿನಲ್ಲಿ.

‘ನಾನು ಒಮ್ಮೆ ಇಳಿದು ನೋಡಿಬರಬೇಕು.’

ಯೊರ್ಮಾ ಅವಳನ್ನು ನೋಡಲಿಲ್ಲ, ಗಡಿಯಾರ ನೋಡಿದ.
ಇಪ್ಪತ್ತೊಂಬತ್ತು ವರ್ಷದ ನೌಕರಿ, ಒಂದು ದೊಡ್ಡ ಉಸಿರು.
ಇಳಿದರೆ ದಾರಿ ಹೋಯಿತು, ದ್ರವ ಹೋಯಿತು,
ಮಲಗಾ ಹೋಯಿತು, ಹೂಚಕ್ರ ತಡವಾಯಿತು.
ಇಷ್ಟನ್ನೂ ಅವನು ಹೇಳಲಿಲ್ಲ.
‘ಟೋಪಿ ಹಾಕಿಕೊ’ ಅಂದ.

ಚಿಲಕ ಮುಚ್ಚಿತ್ತು.
ಮುಚ್ಚಿ, ಮೇಲೊಂದು ತೆಳು ಹಿಮದ ಪೊರೆ.
ಕೈಚೀಲ ಕಳಚಿ ಬೆರಳಿನಿಂದಲೇ ಒತ್ತಿದಳು;
ಲೋಹ ಒಂದಿಷ್ಟು ಚರ್ಮ ಇಟ್ಟುಕೊಂಡು ಕೈ ಬಿಟ್ಟಿತು.

ಮೇಲೆ, ಮೂರನೆಯ ಸಾಲಿನ ಕಿಟಕಿಯಲ್ಲಿ
ಒಬ್ಬ ಹುಡುಗ ಅವಳಿಗೆ ನಾಲಗೆ ಚಾಚಿದ.

ನಲವತ್ತೇಳು ನಿಮಿಷ ತಡ.
ತಡಕ್ಕೆ ಕಾರಣ ಬರೆಯುವ ಹಾಳೆಯಲ್ಲಿ
ಹಿಮಕ್ಕೆ ಒಂದು ಅಂಕಿಯಿದೆ, ಸಾಮಾನಿಗೆ ಒಂದು,
ಕಾಫಿ ಕುಡಿಯುತ್ತ ಕೂತ ಪ್ರಯಾಣಿಕನಿಗೂ ಒಂದು.
ಬರ್ಗೆನ್ನಿನ ಮಳೆಗೆ ಇಲ್ಲ.
ಅವಳು ‘ಸಿಬ್ಬಂದಿ’ ಅಂತ ಬರೆದಳು.

ಹೊರಡುವ ಮುಂಚೆ ಒವ್ಲಾ ಕೆಳಗಿನಿಂದ ಕೇಳಿದ್ದ:
‘ಏನಾದರೂ ಸಿಕ್ಕಿತೇ?’
‘ಇಲ್ಲ.’
ಅವನು ತಲೆಯಾಡಿಸಿ,
ಕೈಗಡಿಯಾರವನ್ನು ಸೊನ್ನೆಗೆ ತಂದು,
ಮತ್ತೆ ಲಾರಿ ಹತ್ತಿದ.