ಕಲಮು ಹದಿನಾಲ್ಕು

ಚೌಬಾರದ ಗಡಿಯಾರ ನಿಂತು ಎರಡು ದಿನ ಆತು.
ಬೀದರಿನ್ಯಾಗ ಯಾರಿಗೂ ಅದರ ಗೊಡವಿ ಇಲ್ಲ.
ಟ್ರಂಕು ತೆಗೆದು ಕೂತೀನಿ:
ನುಸಿಗುಳಿಗಿ ವಾಸನಿ, ಕುರಿಚರ್ಮದ ಟೊಪ್ಪಿಗಿ,
ಮೂಲಿ ಇಲಿ ತಿಂದ ನಕಲು ಬುಕ್ಕು.
ಮೊಮ್ಮಗಳು ಕೇಳತಾಳ: ಅಜ್ಜಾ, ಈ ಇಂಗ್ಲಿಷು ಯಾರದು?
ಅಕ್ಷರ ನನ್ನವು, ಮಾತು ನನ್ನವಲ್ಲ.

ನಾ ಹುಮನಾಬಾದಿನ ಗುಂಡೇರಾಯ, ಪಟವಾರಿ ಮಗ.
ಮೌಲವಿ ಬುರ್ಹಾನುದ್ದೀನರ ಪಡಸಾಲ್ಯಾಗ
ಆರು ವರ್ಷ ಫಾರ್ಸಿ ತಿದ್ದಿದವ.
ಆ ಫಾರ್ಸಿ ನನ್ನ ಹಡಗು ಹತ್ತಿಸ್ತು,
ಕೆರ್ಮಾನಿನಾಚೆ ಮೂರು ಮಜಲಿನ ಊರಾಗ
ಅಂಗ್ರೇಜಿ ಕಾನ್ಸಲನ ಮೇಜಿನ ಮೂಲ್ಯಾಗ ಕೂಡಿಸ್ತು.
ತಿಂಗಳಿಗೆ ನಲವತ್ತು ರೂಪಾಯಿ, ಚಳಿಗಾಲಕ್ಕ ಕಟ್ಟಿಗಿ.

ಸಾಹೇಬ ಕಿಟಕಿಗೆ ನಿಂತು ಹೇಳಾಂವ, ನಾ ಬರಿಯಾಂವ:
'ಇಲ್ಲಿಯ ಜನ ಸೋಮಾರಿಗಳು, ಮಾತಿನ ಜಾಣರು.
ಗವರ್ನರನೆದುರು ಬಾಗುವರು, ಬೆನ್ನ ಹಿಂದೆ ಬೈಯುವರು.
ಹೊಸ ಹುಕುಂ ಬಂದು ಟೊಪ್ಪಿಗೆ ಬದಲಾಗಿದೆ,
ತಲೆ ಅದೇ ಇದೆ.'

ಆ ಕಿಟಕಿಯಿಂದ ಕಾಣೂದಿಷ್ಟು:
ಒಂದು ಹಿಪ್ಪುನೇರಳೆ ಗಿಡ, ಕತ್ತಿ ಕಟ್ಟೋ ಗೂಟ,
ರೊಟ್ಟಿ ಅಂಗಡಿ ಮುಂದ ಕರೀ ಚಾದರಗಳ ಸಾಲು.
ನಾಕು ವರ್ಷ ಇದ್ದೂ ಸಾಹೇಬಗ
ಆ ಗಿಡದ ಹಣ್ಣಿನ ರುಚಿ ಗೊತ್ತಾಗಲಿಲ್ಲ.
ನನ್ನ ಅಂಗಿ ಮ್ಯಾಲೆ ಕಲಿ ಇನ್ನಾ ಅದ.

ರಜಾಕ್ಕ ಊರಿಗೆ ಬಂದಾಗ
ಬೀದರಿನ ತಾಲೂಕ್‌ದಾರ ಕಚೇರ್ಯಾಗ
ಉರ್ದೂ ವರದಿ ಒಂದು ಕಣ್ಣಿಗೆ ಬಿತ್ತು:
'ಇಲ್ಲಿಯ ಜನ ಸೋಮಾರಿಗಳು, ಮಾತಿನ ಜಾಣರು.'
ಎಲ್ಲಾ ಸಾಹೇಬರೂ ಒಂದೇ ಕಿಟಕಿ
ಹೊತಗೊಂಡು ತಿರುಗತಾರೇನು?

ಒಂದ್ಸಲ ಬಜಾರದಿಂದ ಅಂವ ತಂದ
ಕರೀ ಲೋಹದ ಹೂದಾನಿ, ಮೈತುಂಬ ಬೆಳ್ಳಿ ಬಳ್ಳಿ.
'ಬರಿ: ಪ್ರಾಚೀನ ಇರಾನಿ ಕುಸುರಿ.'
ತಿರುವಿ ನೋಡಿದೆ. ಆ ಕಪ್ಪು ನಮ್ಮ ಕೋಟೆ ಮಣ್ಣಿಂದು,
ನಾಲಿಗಿಗಿಟ್ಟು ನೋಡಿ ಆರಿಸೋ ಮಣ್ಣು,
ಮಳಿ ಬಿಸಿಲು ಕಾಣದ್ದು.
ಹೇಳಬೇಕಿತ್ತು. ಹೇಳಲಿಲ್ಲ. ಬರ್ದೆ.
ಲಂಡನ್ನಿನ ಯಾವುದೋ ಗಾಜಿನ ಪೆಟ್ಟಿಗ್ಯಾಗ
ಬೀದರು ಇರಾನ್ ಆಗಿ ಕೂತಿರಬೇಕು.

ಆಮ್ಯಾಲೆ ಬಂತು ನೀರಿನ ಕಲಮು.
'ಇವರ ನೀರಾವರಿ ಅದೃಷ್ಟದ ಆಟ,
ನೆಲದ ತುಂಬ ಇಲಿ ತೋಡಿದಂಥ ಬಿಲಗಳು.'
ನನ್ನ ಕೈ ನಿಂತಿತು.
ನೌಬಾದಿನ ಬಯಲಾಗ, ಹುಡುಗರಿದ್ದಾಗ ನಾವು
ಅಂಥಾ ಬಿಲಕ್ಕ ಕಿವಿಗೊಟ್ಟು ಬೋರಲ ಮಲಗತಿದ್ದೆವು.
ಕೆಳಗ ಕೆಂಗಲ್ಲಿನ ಹೊಟ್ಟ್ಯಾಗ ನೀರು ನಡೀತಿತ್ತು
ಕಾಲಾಗ ಜೋಡಿಲ್ಲದವರಂಗ.

ಅಲ್ಲಿ ಕರೇಜ್ ತೋಡೋ ಮುದುಕ, ಉಸ್ತಾದ್ ಖುದಾದಾದ್,
ಬಿಳೀ ಬಟ್ಟಿ ಉಟ್ಟೇ ಒಳಗ ಇಳಿಯಾಂವ.
ಯಾಕಂತ ಕೇಳಿದೆ.
'ಮ್ಯಾಲೆ ಬರದಿದ್ರ ಕಫನ್ ಖರ್ಚು ಉಳೀತದ' ಅಂದ.
ನನ್ನ ಊರು ಬೀದರ್ ಅಂದಾಗ, ನಿನ್ನೆ ಹೋದವರ ಸುದ್ದಿ ಕೇಳಿದಂಗ:
'ನಮ್ಮವರು ಹೋಗಿದ್ರಲ್ಲ ಅಲ್ಲಿಗೆ. ನೀರು ಸಿಕ್ಕಿತೇನು?'

ಆ ರಾತ್ರಿ ಸಾಫು ನಕಲು ಮಾಡುವಾಗ
ಹದಿನಾಲ್ಕನೇ ಕಲಮಿನ ಕೊನಿಗೆ ಒಂದು ಸಾಲು ಸೇರಿಸಿದೆ:
'ಈ ನೀರು ನಮಗಿಂತ ಮೊದಲೇ ಹೊರಟದ್ದು,
ನಮ್ಮ ವರದಿಗೆ ಕಾಯುವುದಿಲ್ಲ.'
ಸಾಹೇಬ ಓದದ ಸಹಿ ಹಾಕಿದ.

ಮೂರು ತಿಂಗಳಿಗೆ ದಿಲ್ಲಿಯಿಂದ ಚೀಟಿ:
ಕಲಮು ಹದಿನಾಲ್ಕು, ವಿವರಣೆ ಕೊಡಿ.
ಅಂವ ಓದಿದ. ಮತ್ತೊಮ್ಮೆ ಓದಿದ.
ನನ್ನ ಮಾರಿ ನೋಡಿದ, ನಾಕು ವರ್ಷದಾಗ ಮೊದಲ ಸಲ.
ಕಿಟಕಿ ಕಡೆ ತಿರುಗಿ ಅಂದ,
'ಬರಿ: ಗುಮಾಸ್ತನ ತಪ್ಪು.'
ಬರ್ದೆ, ಒಂದಕ್ಷರ ಸೊಟ್ಟ ಆಗದಂಗ.

ಇದೇ ನೋಡವ್ವ ಆ ಹಾಳಿ.
ಇದರಾಗ ನಿನ್ನ ಹೆಸರೆಲ್ಲದ, ಅಂತಾಳ.
ಬೆರಳಿಟ್ಟು ತೋರಿಸಿದೆ.
ಅಕಿ ಅಕ್ಷರ ಕೂಡಿಸಿ ಓದೋದ್ರಾಗ
ಓಣ್ಯಾಗ ಯಾರೋ ಕೂಗಿದರು, ನಳ ಬಂತು, ನಳ ಬಂತು.
ಕೊಡ ಎತಗೊಂಡು ಓಡಿದಳು.