ಕಂಸ

ತಾರ್ತುವಿನಲ್ಲಿ ಮೂರೂವರೆಗೇ ಕತ್ತಲು.
ನೆಲಮಾಳಿಗೆಯಲ್ಲಿ ಹೆಲ್ವೆ ಇಪ್ಪತ್ತೆರಡನೆಯ ಡ್ರಾಯರ್ ಎಳೆದಳು:
ನ್ಯಾಫ್ತಲೀನ್ ವಾಸನೆ, ಸಾಲು ಸಾಲು ಪತಂಗ,
ಒಂದೊಂದೂ ಜೀರಿಗೆ ಕಾಳಿನಷ್ಟು,
ರೆಕ್ಕೆಯಂಚಿಗೆ ರೆಪ್ಪೆಗೂದಲು.

ಮೇಷ್ಟ್ರು ಊಡೊ ಇವಕ್ಕೊಂದು ಕುಲ ಕಟ್ಟಿದ್ದರು,
ಹಿಂರೆಕ್ಕೆಯ ನರವೊಂದು ಕವಲೊಡೆದದ್ದನ್ನೇ ನೆಚ್ಚಿ.
ಜೌಗಿನ ಅಂಚಲ್ಲಿ ನಲವತ್ತು ಬೇಸಿಗೆ
ಬಿಳಿ ಬಟ್ಟೆ, ದೀಪ, ಸೊಳ್ಳೆ.
ನರ ಸುಳ್ಳಾಡುವುದಿಲ್ಲ, ಅನ್ನುತ್ತಿದ್ದರು.

ಆಡಿತ್ತು.
ಹೊಟ್ಟೆಯ ತುದಿ ಕತ್ತರಿಸಿ, ಕ್ಷಾರದಲ್ಲಿ ಬೇಯಿಸಿ
ಗಾಜಿನ ಮೇಲೆ ಹರವಿ ನೋಡಿದರೆ
ಒಳಗಿನ ಕೊಂಡಿಗಳೆಲ್ಲ ಪಕ್ಕದ ಮನೆಯವು.
ಉಪಕುಟುಂಬವೇ ಬೇರೆ.
ಕುಲ ಉಳಿಯುವುದಿಲ್ಲ.

ಹದಿನೇಳು ಸೂಜಿ ಕಿತ್ತು
ಮೂವತ್ತೊಂದನೆಯ ಡ್ರಾಯರಿಗೆ ಒಯ್ದಳು, ಉಸಿರು ಬಿಗಿಹಿಡಿದು;
ಸೀನಿದರೆ ಒಂದು ಪ್ರಭೇದವೇ ಹಾರಿಹೋದೀತು.
ಹದಿನೆಂಟನೆಯದಕ್ಕೆ ಮೇಷ್ಟ್ರು
ಹೆಂಡತಿ ಲೇಯ್ಡಾಳ ಹೆಸರಿಟ್ಟಿದ್ದರು.
ಬದುಕಿದ್ದಾಗ ಆಕೆ ಬೈಯುತ್ತಿದ್ದಳಂತೆ:
ಇಡೀ ಎಸ್ತೋನಿಯದಲ್ಲಿ
ಇದಕ್ಕಿಂತ ಬೂದು ಹುಳ ಸಿಗಲಿಲ್ಲವೆ ನಿಮಗೆ?

ನಿಯಮ ಇಷ್ಟು: ಪ್ರಭೇದ ಕುಲ ಬಿಟ್ಟು ಹೋದರೆ
ಹೆಸರೂ ಜೊತೆಗೇ ಹೋಗುತ್ತದೆ,
ಹೆಸರಿಟ್ಟವರು ಮಾತ್ರ ಕಂಸದೊಳಗೆ ಸೇರುತ್ತಾರೆ.

ಹೊಸ ಚೀಟಿ. ಉಗುರಿಗಿಂತ ಚಿಕ್ಕದು.
ಕುಲ ಬರೆದಳು, ಹೊಸದು. ಲೇಯ್ಡಾಳನ್ನು ಬರೆದಳು, ಹಾಗೇ.
ಎಡದ ಕಂಸ. ಅವರ ಹೆಸರು.
ಬಲದ್ದು ಎಳೆಯುವ ಹೊತ್ತಿಗೆ
ಪೆನ್ನಿನ ಮುಳ್ಳು ಒಣಗಿತ್ತು.
ನಾಲಿಗೆಗೆ ತಾಗಿಸಿಕೊಂಡಳು,
ಮೇಷ್ಟ್ರ ಕೆಟ್ಟ ಅಭ್ಯಾಸ.