ಎಡ ಮೂಲೆಯಲ್ಲಿ ಆಹಾರ

ಕುಮಟೆಯ ಗಿಬ್ ಸರ್ಕಲ್ಲಿನ ಹಿಂದೆ
ಹೊಲಿಗೆ ಅಂಗಡಿಯ ಮಹಡಿಯಲ್ಲಿ
ಗಂಟೆಗೆ ಹದಿನೈದು ರೂಪಾಯಿ.
ಮೂರನೇ ಕಂಪ್ಯೂಟರು ನನ್ನದು,
ಅದರ ಮೌಸಿನ ಬಲಗಿವಿ ಎರಡು ಸಲ ಹಿಂಡಬೇಕು.

ಆಟ ಶುರುವಾಗುವಾಗ ಮೂವರೇ ಜನ.
ಒಂದು ಊರಮನೆ, ಸುತ್ತ ಕಪ್ಪು.
ಮೇಲೆ ಎಡ ಮೂಲೆಯಲ್ಲಿ ಆಹಾರ: ಇನ್ನೂರು.
ಒಬ್ಬಳನ್ನು ಒತ್ತಿ, ಪೊದೆಯನ್ನು ಒತ್ತಿದರೆ
ಯಾವುದೋ ಭಾಷೆಯಲ್ಲಿ ಒಂದೇ ಮಾತಾಡಿ ಹೊರಡುತ್ತಾಳೆ,
ಬಾಗಿ ಕೆಂಪು ಹಣ್ಣು ಕೊಯ್ದು
ಹತ್ತಾದ ಕೂಡಲೇ ಹೊತ್ತು ತಂದು ಸುರಿದು
ಮತ್ತೆ ಅಲ್ಲಿಗೇ.
ಹಣ್ಣು ಮುಗಿದರೆ ಪೊದೆಯೇ ಇರುವುದಿಲ್ಲ,
ಬೇರಿನ ಗುರುತೂ.

ಐನೂರು ಕೂಡಿದರೆ ಕತ್ತಲ ಯುಗ ಮುಗಿದು
ಕಹಳೆ ಊದುತ್ತದೆ.

ನಾನೂರ ಎಂಬತ್ತರಲ್ಲಿದ್ದೆ.
ಬೆನ್ನ ಹಿಂದೆ ಕೆಸರಿನ ವಾಸನೆ.
ಮಂಕಾಳಿ ಅತ್ತೆ, ಪೇಟೆಯಲ್ಲಿ ಬೆಳಚು ಮಾರಿ ಮುಗಿಸಿ
ನನ್ನನ್ನು ಕರೆದೊಯ್ಯಲು ಬಂದವಳು.
ಬುಟ್ಟಿಯ ಉಪ್ಪುನೀರು ಟೈಲ್ಸಿಗೆ ತೊಟ್ಟಿಕ್ಕಿ
ಅಂಗಡಿಯ ರಮಾಕಾಂತ ಮುಖ ಸಿಂಡರಿಸಿದ್ದು
ಅವಳಿಗೆ ಕಾಣಲಿಲ್ಲ. ಕಂಡರೂ ಕಾಣಲಿಲ್ಲ.

"ಎಂತದಾ ತಮಾ ಇದು?"

ಹೇಳಿದೆ: ಇವರು ಹೆಕ್ಕುತ್ತಾರೆ, ಅಲ್ಲಿ ಸುರಿಯುತ್ತಾರೆ,
ಅಂಕಿ ಏರುತ್ತದೆ, ಯುಗ ಬದಲಾಗುತ್ತದೆ,
ಆಮೇಲೆ ಸಿಪಾಯಿಗಳು.
ಬಹಳ ಹೊತ್ತು ನೋಡಿದಳು,
ಸಂತೆಯಲ್ಲಿ ಬೇರೆಯವರ ತಕ್ಕಡಿ ನೋಡುವ ಹಾಗೆ.

"ಅಲ್ದಾ, ಇವ್ರು ಉಂಬುದು ಯಾವಾಗ?"

ಉಣ್ಣುವುದಿಲ್ಲ ಎಂದೆ.
"ಹೊಟ್ಟೆಗಿಲ್ದೆ ಹೆಕ್ತ್ರಾ?"
ಹೂಂ.
"ಹಂಗಾರೆ ಅದ್ಕೆ ಆಹಾರ ಅಂತ ಎಂತಕ್ಕೆ ಬರ್ದೀದ್ರು?"

ಅಷ್ಟರಲ್ಲಿ ಕಹಳೆ ಊದಿತಂತೆ. ನನಗೆ ಕೇಳಿಸಲಿಲ್ಲ.

*

ದೀಪಾವಳಿಯ ಅಮಾಸೆ ಕಳೆದ ಮರುದಿನ
ನಸುಕಿಗೇ ಎಬ್ಬಿಸಿದಳು.
ಕತ್ತಲ ಯುಗ ಅಂದ್ಯಲ, ಬಾ ನೋಡು.

ಅಘನಾಶಿನಿ ಹಿಂದೆ ಸರಿದು
ಹೊಟ್ಟೆ ತೋರಿಸಿ ಮಲಗಿತ್ತು.
ಮೊಣಕಾಲು ಮಟ್ಟ ಕೆಸರು, ಅಲ್ಲಲ್ಲಿ ಬಾಗಿದ ಬೆನ್ನುಗಳು,
ಮಾತು ಬೀಡಿಯ ಕಿಡಿಯಷ್ಟೇ ದೂರ ಹೋಗುತ್ತಿತ್ತು.
ಕಣ್ಣು ಇಲ್ಲಿ ಅಂಗಾಲಿನಲ್ಲಿ:
ಇದು ಕಲ್ಲು, ಇದು ಸತ್ತ ಚಿಪ್ಪು,
ಇದು, ಹಾಂ, ಬಾಯಿ ಮುಚ್ಚಿಕೊಂಡಿರುವ ಜೀವ.

ಹತ್ತು ಹೆಕ್ಕಿ ಎದ್ದು ನಿಂತೆ, ಸುರಿಯುವ ಜಾಗ ಹುಡುಕುತ್ತ.
ಅತ್ತೆ ನಕ್ಕಳು. ನನ್ನ ಹತ್ತರಲ್ಲಿ
ಆರನ್ನು ಆರಿಸಿ ವಾಪಸು ಕೆಸರಿಗೆ ಹಾಕಿದಳು.
"ಇವು ಬರೂ ವರ್ಷದವು."

ಕಟ್ಟೆಯಾಚೆ ಗಜನಿಯಲ್ಲಿ
ಕಗ್ಗದ ತೆನೆಯನ್ನಷ್ಟೇ ಕೊಯ್ದು
ಹುಲ್ಲನ್ನು ಉಪ್ಪುನೀರಿಗೇ ಬಿಟ್ಟಿದ್ದರು,
ಮೀನಿನ ಪಾಲಿಗೆ.
ಹೊಳೆಯ ಮೇಲ್ಗಡೆ, ಬೆಳಕು ಬಿದ್ದಿದ್ದರೂ ಇಲ್ಲಿಂದ ಕಾಣದು,
ಮಿರ್ಜಾನದ ಕೋಟೆ.
ಕಟ್ಟಿಸಿದವರು ಯಾರು ಎಂದು ಪರೀಕ್ಷೆಯಲ್ಲಿ ಕೇಳುತ್ತಾರೆ,
ಎರಡು ಅಂಕ.
ಕಲ್ಲು ಹೊತ್ತವರ ಸಾರಿಗೆ ಬೆಳಚು ತಂದವಳು ಯಾರು
ಎಂಬುದಕ್ಕೆ ಅಂಕವಿಲ್ಲ,
ಹಾಗಾಗಿ ಅವಳು ಇದ್ದಳೋ ಇಲ್ಲವೋ ನಮಗೆ ಗೊತ್ತಿಲ್ಲ.
ಅತ್ತೆಗೆ ಗೊತ್ತು. "ಇಲ್ದೆ ಎಂತಾ, ಗಾಳಿ ಉಂಡ್ರಾ ಅವ್ರು?"

ಭರತದ ಸುದ್ದಿ ಮೊದಲು ಹಿಮ್ಮಡಿಗೆ ಬಂತು, ತಣ್ಣಗೆ.
ಯಾರೂ ಏನೂ ಊದಲಿಲ್ಲ.
ಬೆನ್ನುಗಳು ಒಂದೊಂದಾಗಿ ನೆಟ್ಟಗಾದವು.

ಮಧ್ಯಾಹ್ನ ಸುಕ್ಕ, ಕುಚ್ಚಲಕ್ಕಿ ಅನ್ನ.
ತಟ್ಟೆಯ ಅಂಚಿಗೆ ಚಿಪ್ಪು ಜೋಡಿಸಿ
ಎಪ್ಪತ್ತೆರಡರ ತನಕ ಬಂದಿದ್ದೆ.
"ಎಣಿಸ್ಬೇಡ, ಉಣ್ಣು."

*

ಶನಿವಾರ ಮತ್ತೆ ಮೂರನೇ ಕಂಪ್ಯೂಟರು.
ಪೊದೆಯಲ್ಲಿ ಕೊನೆಯ ಹತ್ತು ಉಳಿದಾಗ
ಅವಳನ್ನು ಹಿಂದಕ್ಕೆ ಕರೆದೆ.
ಬಂದಳು. ಸುಮ್ಮನೆ ನಿಂತಳು.
ಕೈ ಎಲ್ಲಿಡಬೇಕೆಂದು ತಿಳಿಯದವಳಂತೆ
ಒಮ್ಮೆ ಹಣೆ ಒರೆಸಿದಳು.

ಗುಡ್ಡದ ಕಡೆಯಿಂದ ಎದುರಾಳಿ ಕುದುರೆಯೇರಿ ಬಂದ.
ಸೋತೆ.
ಇನ್ನೂ ಇಪ್ಪತ್ತು ನಿಮಿಷ ಇದೆಯಲ್ಲೋ ಎಂದ ರಮಾಕಾಂತ.

ಸುಟ್ಟ ಊರಮನೆಯ ಪಕ್ಕ
ಪೊದೆ ಹಾಗೇ ಇತ್ತು,
ಕೆಂಪಗೆ.